ತೀವ್ರ ಅಸ್ವಸ್ಥ ಮಕ್ಕಳಿಗೆ ಆ್ಯಂಟಿಬಯಾಟಿಕ್ ಪ್ರಮಾಣ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೀವ್ರ ನಿಗಾ ಘಟಕದಲ್ಲಿರುವ ಮಗುವಿಗೆ ಸೋಂಕು ತಗುಲಿದಾಗ ಯಾವ ಆ್ಯಂಟಿಬಯಾಟಿಕ್ ಕೊಡಬೇಕೆಂಬುದರ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಎಷ್ಟು ನಿಧಾನವಾಗಿ ಹರಿಸಬೇಕು ಎಂಬ ಪ್ರಶ್ನೆಗಳಿಗೆ ಅಷ್ಟೇ ಮಹತ್ವ ಸಿಗುವುದು ಕಡಿಮೆ. ಇಂಥ ಮಕ್ಕಳ ತಂದೆತಾಯಂದಿರನ್ನೂ, ಅವರ ಆರೈಕೆಯಲ್ಲಿ ತೊಡಗಿರುವ ದಾದಿಯರು, ಔಷಧಿಕಾರರು ಮತ್ತು ಕಿರಿಯ ವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಇಲ್ಲಿ ಬರುವ ಅಂಕಿಗಳು ವಿಷಯವನ್ನು ಸ್ಪಷ್ಟಪಡಿಸುವುದಕ್ಕಾಗಿ ಮಾತ್ರ ಇವೆ. ಇವುಗಳನ್ನು ಆಧರಿಸಿ ಯಾವ ಮಗುವಿನ ಡೋಸನ್ನೂ ನಿರ್ಧರಿಸಬಾರದು.

ಮಗುವಿನ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಸಾಲದೇ?

ಸಾಲದು. ತೂಕ ಲೆಕ್ಕದ ಆರಂಭ ಮಾತ್ರ. ಮಗುವೆಂದರೆ ಅಳತೆಯಲ್ಲಿ ಚಿಕ್ಕದಾದ ವಯಸ್ಕನಲ್ಲ ಎಂಬ ಮಾತು ಔಷಧಿಗಳ ವಿಷಯದಲ್ಲಿ ಅಕ್ಷರಶಃ ನಿಜ. ತಿಂಗಳು ತುಂಬಿ ಹುಟ್ಟಿದ ಶಿಶುವಿನ ತೂಕದಲ್ಲಿ ಸುಮಾರು 75 ಪ್ರತಿಶತ ನೀರೇ ಇರುತ್ತದೆ, ವಯಸ್ಕರಲ್ಲಿ ಅದು 60 ಪ್ರತಿಶತದ ಆಸುಪಾಸಿನಲ್ಲಿರುತ್ತದೆ. ಜೆಂಟಾಮೈಸಿನ್, ವ್ಯಾಂಕೊಮೈಸಿನ್, ಪೆನಿಸಿಲಿನ್ ಗುಂಪಿನ ಔಷಧಿಗಳು ನೀರಿನಲ್ಲಿ ಕರಗುವಂಥವಾದ್ದರಿಂದ ಶಿಶುವಿನ ದೇಹದಲ್ಲಿ ಅವು ಹೆಚ್ಚು ಜಾಗಕ್ಕೆ ಹರಡಿಕೊಳ್ಳುತ್ತವೆ, ಹಾಗಾಗಿ ಕಿಲೊ ಲೆಕ್ಕದಲ್ಲಿ ಸಮನಾದ ಡೋಸ್ ಕೊಟ್ಟರೂ ರಕ್ತದಲ್ಲಿ ಸಾಂದ್ರತೆ ಕಡಿಮೆಯಾಗುತ್ತದೆ. ಇನ್ನೊಂದೆಡೆ ನವಜಾತ ಶಿಶುವಿನ ಮೂತ್ರಪಿಂಡಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ದೇಹದ ಮೇಲ್ಮೈ ವಿಸ್ತೀರ್ಣಕ್ಕೆ ಹೊಂದಿಸಿ ನೋಡಿದರೂ ಅವುಗಳ ಸೋಸುವ ಸಾಮರ್ಥ್ಯ ವಯಸ್ಕರಿಗಿಂತ ಬಹಳ ಕಡಿಮೆ ಇದ್ದು, ಮೊದಲ ಎರಡು ವಾರಗಳಲ್ಲಿ ಸುಮಾರು ಇಮ್ಮಡಿಯಾಗಿ, ಒಂದರಿಂದ ಎರಡು ವರ್ಷದ ಹೊತ್ತಿಗೆ ವಯಸ್ಕರ ಮಟ್ಟವನ್ನು ಮುಟ್ಟುತ್ತದೆ.

ಅಲ್ಲಿಂದ ಮುಂದೆ ಚಿತ್ರ ತಿರುಗಿಬಿಡುತ್ತದೆ. ಎರಡು ವರ್ಷ ದಾಟಿದ ಪುಟ್ಟ ಮಕ್ಕಳು ಕಿಲೊ ಲೆಕ್ಕದಲ್ಲಿ ವಯಸ್ಕರಿಗಿಂತ ಬೇಗನೆ ಔಷಧಿಯನ್ನು ಹೊರಹಾಕುತ್ತಾರೆ. 70 ಕಿಲೊ ತೂಕದ ವಯಸ್ಕರಿಗೆ 1 ಗ್ರಾಂ ಮೆರೊಪೆನೆಮ್ ಕೊಟ್ಟರೆ ಅದು ಕಿಲೊಗೆ 14 ಮಿಲಿಗ್ರಾಂ ಆಯಿತು. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಡೋಸೇ ಕಿಲೊಗೆ 20 ಮಿಲಿಗ್ರಾಂ. ವಯಸ್ಕರ ಡೋಸನ್ನು ತೂಕದ ಅನುಪಾತದಲ್ಲಿ ಇಳಿಸಿ ಕೊಟ್ಟಿದ್ದರೆ ಆ ಮಗುವಿಗೆ ಬೇಕಾದಷ್ಟು ಔಷಧಿ ಸಿಗುತ್ತಲೇ ಇರಲಿಲ್ಲ.

ಕಾಯಿಲೆ ತೀವ್ರವಾದಾಗ ಲೆಕ್ಕ ಏಕೆ ಬದಲಾಗುತ್ತದೆ?

ಡೋಸ್ ಪುಸ್ತಕಗಳಲ್ಲಿರುವ ಬಹುಪಾಲು ಅಂಕಿಗಳು ಅಷ್ಟೇನೂ ಅಸ್ವಸ್ಥರಲ್ಲದ ಮಕ್ಕಳಿಂದ, ಕೆಲವೊಮ್ಮೆ ವಯಸ್ಕರಿಂದಲೇ ಬಂದವು. ಸೆಪ್ಸಿಸ್‌ಗೆ, ಅಂದರೆ ಸೋಂಕಿನಿಂದ ಅಂಗಾಂಗಗಳೇ ಸೋಲತೊಡಗುವ ಸ್ಥಿತಿಗೆ ಸಿಲುಕಿದ ಮಗುವಿನ ದೇಹ ಆ ಲೆಕ್ಕವನ್ನು ಮೂರು ಕಡೆಗಳಿಂದ ಕೆಡಿಸುತ್ತದೆ.

ಮೊದಲನೆಯದು ದ್ರವದ ಹರಡಿಕೆ. ಸೆಪ್ಸಿಸ್‌ನಲ್ಲಿ ಸೂಕ್ಷ್ಮ ರಕ್ತನಾಳಗಳು ಸೋರತೊಡಗಿ ರಕ್ತದೊಳಗಿನ ದ್ರವ ಅಂಗಾಂಶಗಳಿಗೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ರಕ್ತನಾಳದ ಮೂಲಕ ದ್ರವ ಕೊಡಬೇಕಾಗುತ್ತದೆ. ತೀವ್ರ ನಿಗಾ ಸೌಲಭ್ಯವಿರುವ ಕಡೆ ಮೊದಲ ಗಂಟೆಯಲ್ಲಿ, ಮಗುವಿನ ಸ್ಥಿತಿಯನ್ನು ನೋಡುತ್ತ, ಕಿಲೊಗೆ 40ರಿಂದ 60 ಮಿಲಿಲೀಟರ್‌ವರೆಗೆ ಕೊಡಬಹುದೆಂದು ಸರ್ವೈವಿಂಗ್ ಸೆಪ್ಸಿಸ್ ಅಭಿಯಾನ ಮಕ್ಕಳಿಗಾಗಿ 2020ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. 10 ಕಿಲೊ ತೂಕದ ಮಗುವಿನಲ್ಲಿ ಇದು ಅರ್ಧ ಲೀಟರ್ ಮೀರಬಹುದು. ನೀರಿನಲ್ಲಿ ಕರಗುವ ಔಷಧಿ ಇಷ್ಟೂ ದ್ರವದಲ್ಲಿ ಹಂಚಿಹೋಗುತ್ತದೆ.

ಎರಡನೆಯದು ಮೂತ್ರಪಿಂಡ. ಇದರ ಬಗ್ಗೆ ತುಸು ಹೆಚ್ಚೇ ಹೇಳಬೇಕು. ತೀವ್ರ ಕಾಯಿಲೆಯಲ್ಲಿ ಮೂತ್ರಪಿಂಡ ಕುಗ್ಗುವುದು ಎಲ್ಲರಿಗೂ ತಿಳಿದಿದೆ. ಆದರೆ ಅದಕ್ಕೆ ತದ್ವಿರುದ್ಧವಾದುದೂ ನಡೆಯುತ್ತದೆ. ಹೃದಯ ಜೋರಾಗಿ ಬಡಿಯುತ್ತಿರುವ, ಸಾಕಷ್ಟು ದ್ರವ ಮತ್ತು ರಕ್ತದೊತ್ತಡ ಏರಿಸುವ ಔಷಧಿ ಪಡೆಯುತ್ತಿರುವ ಮಗುವಿನಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಹೆಚ್ಚಿ, ಅದು ಮಾಮೂಲಿಗಿಂತ ವೇಗವಾಗಿ ಔಷಧಿಯನ್ನು ಸೋಸಿ ಹೊರಹಾಕುತ್ತದೆ. ಸುಟ್ಟಗಾಯ, ತಲೆಗೆ ಪೆಟ್ಟು, ರಕ್ತದ ಕ್ಯಾನ್ಸರ್‌ ಚಿಕಿತ್ಸೆಯ ನಡುವಿನ ಜ್ವರ ಇರುವ ಮಕ್ಕಳಲ್ಲಿ ಇದನ್ನು ಮುಖ್ಯವಾಗಿ ಶಂಕಿಸಬೇಕು. ರಕ್ತದ ವರದಿಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ, ಕಡಿಮೆ ಇದ್ದಾಗ ಎಲ್ಲರಿಗೂ ಸಮಾಧಾನವಾಗುತ್ತದೆ, ಆದರೆ ಅತಿ ವೇಗದ ವಿಸರ್ಜನೆಯ ಏಕೈಕ ಸುಳಿವು ಆ ಕಡಿಮೆ ಅಂಕಿಯೇ ಆಗಿರಬಹುದು. ಮೇಲಾಗಿ ಕ್ರಿಯಾಟಿನಿನ್ ನಿಧಾನವಾಗಿ ಏರುವ, ನಿಧಾನವಾಗಿ ಇಳಿಯುವ ಸೂಚಕ. ಇವತ್ತಿನ ಅಂಕಿ ನಿನ್ನೆಯ ಮೂತ್ರಪಿಂಡದ ಕತೆಯನ್ನು ಹೇಳುತ್ತಿರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಂತೂ ಅದು ಬಹುಮಟ್ಟಿಗೆ ತಾಯಿಯ ರಕ್ತದ ಮಟ್ಟವನ್ನೇ ತೋರಿಸುತ್ತದೆ. ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ ಎಂಬುದನ್ನು ಬರೆದಿಡುವ ದಾದಿಯ ದಾಖಲೆಗೆ ಇಲ್ಲಿ ಪ್ರಯೋಗಾಲಯದ ವರದಿಯಷ್ಟೇ ಬೆಲೆಯಿದೆ.

ಮೂರನೆಯದು ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಕುಸಿಯುವುದು. ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಗಳು ಬಹುಪಾಲು ಈ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಅಂಟದೆ ಉಳಿದ ಭಾಗಕ್ಕೆ ಮಾತ್ರ ರೋಗಾಣುವನ್ನು ಕೊಲ್ಲುವ ಶಕ್ತಿ ಇದ್ದರೂ, ದೇಹದಿಂದ ಬೇಗ ಹೊರಹೋಗುವುದೂ ಅದೇ ಭಾಗ.

ಕಿಡ್ನಿ ತೊಂದರೆ ಇದೆ ಎಂದು ಗೊತ್ತಿದ್ದೂ ಮೊದಲ ಡೋಸನ್ನು ಪೂರ್ತಿ ಏಕೆ ಕೊಡುತ್ತಾರೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ. ಕೊಡವನ್ನು ತುಂಬಲು ಬೇಕಾಗುವ ನೀರು ಕೊಡದ ಗಾತ್ರಕ್ಕೆ ಸಂಬಂಧಿಸಿದ್ದು, ತಳದ ತೂತಿನ ಗಾತ್ರಕ್ಕೆ ಸಂಬಂಧಿಸಿದ್ದಲ್ಲ. ತೂತಿನ ಗಾತ್ರ ನಿರ್ಧರಿಸುವುದು ಆಮೇಲೆ ಎಷ್ಟು ಬೇಗ ಮತ್ತೆ ತುಂಬಬೇಕೆಂಬುದನ್ನು. ಮೊದಲ ಡೋಸ್ ತಲುಪಬೇಕಾದ ಮಟ್ಟವನ್ನು ತಲುಪುವುದು ದೇಹದಲ್ಲಿ ಔಷಧಿ ಎಷ್ಟು ಜಾಗಕ್ಕೆ ಹರಡುತ್ತದೆ ಎಂಬುದರ ಮೇಲೆ ನಿಂತಿದೆ, ಮತ್ತು ಸೆಪ್ಸಿಸ್‌ನಲ್ಲಿ ಆ ಜಾಗ ಹಿಗ್ಗಿರುತ್ತದೆ. ಮೂತ್ರಪಿಂಡ ಕುಗ್ಗಿದ್ದರೆ ಎರಡನೆಯ ಡೋಸಿನ ಹೊತ್ತನ್ನು ಮುಂದೂಡಬಹುದು, ನಂತರದ ಡೋಸುಗಳನ್ನು ಇಳಿಸಬಹುದು. ಮೊದಲನೆಯದನ್ನು ಕತ್ತರಿಸುವುದಕ್ಕೆ ಮಾತ್ರ ಅದು ಕಾರಣವಾಗುವುದಿಲ್ಲ.

ಸೆಪ್ಸಿಸ್ ಆಘಾತದಲ್ಲಿರುವ, ಅಂದರೆ ರಕ್ತಸಂಚಾರವೇ ಕುಸಿಯುತ್ತಿರುವ, ಮಗುವಿಗೆ ಗುರುತಿಸಿದ ಒಂದು ಗಂಟೆಯೊಳಗೆ, ಆಘಾತವಿಲ್ಲದೆ ಅಂಗಾಂಗಗಳು ಕುಂದಿರುವ ಮಗುವಿಗೆ ಮೂರು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕೆಂದು ಮೇಲೆ ಹೇಳಿದ ಮಾರ್ಗಸೂಚಿ ಸೂಚಿಸುತ್ತದೆ. ಇಷ್ಟು ಅವಸರದಲ್ಲಿ ಕೊಟ್ಟ ಔಷಧಿ ಅರೆಬರೆ ಪ್ರಮಾಣದಲ್ಲಿದ್ದರೆ ಆ ಅವಸರಕ್ಕೆ ಅರ್ಥವೇ ಇಲ್ಲದಂತಾಗುತ್ತದೆ. ದಾಖಲಾಗುವಾಗ ಕಂಡ ಮೂತ್ರಪಿಂಡದ ತೊಂದರೆ, ದ್ರವ ಕೊಟ್ಟು ರಕ್ತದೊತ್ತಡ ಸುಧಾರಿಸಿದ ಮೇಲೆ, ಒಂದೆರಡು ದಿನಗಳಲ್ಲೇ ತಿಳಿಯಾಗುವುದೂ ಉಂಟು. ಮೊದಲ ದಿನವೇ ಇಳಿಸಿದ ಡೋಸ್ ಚೀಟಿಯಲ್ಲಿ ಹಾಗೆಯೇ ಉಳಿದುಬಿಟ್ಟರೆ, ಮೂತ್ರಪಿಂಡ ಚೇತರಿಸಿಕೊಂಡ ಮೇಲೂ ಮಗುವಿಗೆ ಸಾಲದ ಔಷಧಿಯೇ ಹೋಗುತ್ತಿರುತ್ತದೆ.

ಕೆಲವು ಔಷಧಿಗಳನ್ನು ದಿನಕ್ಕೊಮ್ಮೆ, ಕೆಲವನ್ನು ದಿನಕ್ಕೆ ನಾಲ್ಕು ಸಲ ಕೊಡುವುದೇಕೆ?

ಆ್ಯಂಟಿಬಯಾಟಿಕ್‌ಗಳು ರೋಗಾಣುವನ್ನು ಕೊಲ್ಲುವ ಬಗೆ ಒಂದೇ ಅಲ್ಲ. ರೋಗಾಣುವಿನ ಬೆಳವಣಿಗೆಯನ್ನು ತಡೆಯಲು ಬೇಕಾದ ಅತಿ ಕಡಿಮೆ ಸಾಂದ್ರತೆಯನ್ನು ಎಂಐಸಿ ಎನ್ನುತ್ತಾರೆ. ಪೆನಿಸಿಲಿನ್, ಸೆಫಲೋಸ್ಪೋರಿನ್, ಮೆರೊಪೆನೆಮ್ ಇವುಗಳೆಲ್ಲ ಸೇರುವ ಬೀಟಾ ಲ್ಯಾಕ್ಟಮ್ ಗುಂಪಿನಲ್ಲಿ ಮುಖ್ಯವಾಗುವುದು ಔಷಧಿಯ ಮಟ್ಟ ಎಂಐಸಿಗಿಂತ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದು. ಸಾಮಾನ್ಯ ಸೋಂಕಿನಲ್ಲಿ ಎರಡು ಡೋಸುಗಳ ನಡುವಿನ ಅವಧಿಯ ಅರ್ಧದಷ್ಟು ಹೊತ್ತು ನಿಂತರೆ ಸಾಕಾಗಬಹುದು. ತೀವ್ರ ಅಸ್ವಸ್ಥರಲ್ಲಿ ಇಡೀ ಅವಧಿ ನಿಲ್ಲಲಿ ಎಂದು ಹಲವು ತಜ್ಞರು ಬಯಸುತ್ತಾರೆ. ಜೆಂಟಾಮೈಸಿನ್, ಅಮಿಕಾಸಿನ್ ಇದಕ್ಕೆ ವ್ಯತಿರಿಕ್ತ: ಅವುಗಳ ಶಿಖರ ಮಟ್ಟ ಎಂಐಸಿಯ 8ರಿಂದ 10 ಪಟ್ಟು ಏರಬೇಕು, ಆಮೇಲೆ ಚೆನ್ನಾಗಿ ಇಳಿಯಬೇಕು. ಹೀಗಾಗಿ ಅವುಗಳನ್ನು ಒಂದೇ ದೊಡ್ಡ ಡೋಸಾಗಿ ಕೊಟ್ಟು 24 ಗಂಟೆ, ನವಜಾತರಲ್ಲಿ ಕೆಲವೊಮ್ಮೆ 36 ಅಥವಾ 48 ಗಂಟೆ ಬಿಡುತ್ತಾರೆ. ವ್ಯಾಂಕೊಮೈಸಿನ್‌ನಲ್ಲಿ ಇಡೀ ದಿನದ ಒಟ್ಟು ಒಡ್ಡಿಕೆ, ಅಂದರೆ ಔಷಧಿ ಎಷ್ಟು ಮಟ್ಟದಲ್ಲಿ ಎಷ್ಟು ಹೊತ್ತು ಇತ್ತೆಂಬುದರ ಒಟ್ಟು ಲೆಕ್ಕ, ಮುಖ್ಯ.

ನವಜಾತ ಶಿಶುಗಳ ವಿಷಯದಲ್ಲಿ ಇಷ್ಟೊಂದು ಎಚ್ಚರಿಕೆ ಏಕೆ?

ಅದಕ್ಕೆ ನೋವಿನ ಇತಿಹಾಸವಿದೆ. 1950ರ ದಶಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೋಂಕು ಬಾರದಿರಲೆಂದು ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಆ ಔಷಧಿಯನ್ನು ನಿರುಪದ್ರವಿಯಾಗಿ ಮಾರ್ಪಡಿಸಬೇಕಾದ ಯಕೃತ್ತಿನ ಕಿಣ್ವ ಅಂಥ ಶಿಶುಗಳಲ್ಲಿ ಇನ್ನೂ ಬೆಳೆದಿರಲಿಲ್ಲ. ಔಷಧಿ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗಿ ಶಿಶುಗಳು ಬೂದು ಬಣ್ಣಕ್ಕೆ ತಿರುಗಿ, ರಕ್ತದೊತ್ತಡ ಕುಸಿದು ಸಾವನ್ನಪ್ಪಿದವು. 1959ರಲ್ಲಿ ಪ್ರಕಟವಾದ ಅಧ್ಯಯನವೊಂದು ಔಷಧಿ ಪಡೆದ ಶಿಶುಗಳಲ್ಲಿ ಸಾವು ಹೆಚ್ಚಿದ್ದನ್ನು ತೋರಿಸಿದ ಮೇಲೆ ಆ ಪದ್ಧತಿ ನಿಂತಿತು. ಅದಕ್ಕೂ ಮೂರು ವರ್ಷ ಮೊದಲು, 1956ರಲ್ಲಿ, ಸಲ್ಫಾ ಔಷಧಿಯೊಂದು, ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಅನ್ನು ಅಲ್ಬುಮಿನ್‌ನಿಂದ ಬಿಡಿಸಿ ಅವಧಿಪೂರ್ವ ಶಿಶುಗಳ ಮಿದುಳಿಗೆ ಹಾನಿ ಮಾಡುವುದು ಬೆಳಕಿಗೆ ಬಂದಿತ್ತು. ಸೆಫ್ಟ್ರಿಯಾಕ್ಸೋನ್ ಕೂಡ ಬಿಲಿರುಬಿನ್ ಅನ್ನು ಹೀಗೆಯೇ ಬಿಡಿಸಬಲ್ಲದಾದ್ದರಿಂದ ಕಾಮಾಲೆಯಿರುವ ನವಜಾತರಿಗೆ ಅದನ್ನು ಕೊಡುವುದಿಲ್ಲ. 28 ದಿನದೊಳಗಿನ ಶಿಶುವಿಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಹೋಗುತ್ತಿದ್ದರೆ, ಎರಡೂ ಸೇರಿ ಹರಳುಗಟ್ಟುವ ಅಪಾಯದಿಂದಾಗಿ, ಸೆಫ್ಟ್ರಿಯಾಕ್ಸೋನ್ ಪೂರ್ತಿ ನಿಷಿದ್ಧ.

ನವಜಾತರ ಡೋಸ್ ಕೋಷ್ಟಕಗಳಲ್ಲಿ ತೂಕದ ಜೊತೆಗೆ ಎಷ್ಟನೆಯ ವಾರಕ್ಕೆ ಹುಟ್ಟಿದ್ದು, ಹುಟ್ಟಿ ಎಷ್ಟು ದಿನವಾಯಿತು ಎಂಬ ಎರಡು ವಯಸ್ಸುಗಳನ್ನು ಕೇಳುವುದು ಈ ಕಾರಣಕ್ಕೇ. 28ನೆಯ ವಾರಕ್ಕೆ ಹುಟ್ಟಿದ ಮೂರು ದಿನದ ಶಿಶುವೂ ತಿಂಗಳು ತುಂಬಿ ಹುಟ್ಟಿದ ಮೂರು ವಾರದ ಶಿಶುವೂ ಔಷಧಿಯ ದೃಷ್ಟಿಯಲ್ಲಿ ಬೇರೆ ಬೇರೆ ದೇಹಗಳು. ಒಂದೇ ಶಿಶುವಿನ ಡೋಸ್ ಸಹ ವಾರ ಕಳೆಯುವಷ್ಟರಲ್ಲಿ ಹಳತಾಗಬಹುದು.

ರಕ್ತದಲ್ಲಿ ಔಷಧಿಯ ಮಟ್ಟವನ್ನು ಯಾವಾಗ ಅಳೆಯುತ್ತಾರೆ?

ಹೆಚ್ಚಾದರೆ ಹಾನಿ, ಕಡಿಮೆಯಾದರೆ ನಿಷ್ಫಲ ಎಂಬ ಎರಡು ಗೆರೆಗಳು ಹತ್ತಿರ ಹತ್ತಿರ ಇರುವ ಔಷಧಿಗಳಲ್ಲಿ ಇದು ರೂಢಿ: ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೊಮೈಸಿನ್. ಜೆಂಟಾಮೈಸಿನ್‌ನಲ್ಲಿ ಮುಂದಿನ ಡೋಸಿಗೆ ಸ್ವಲ್ಪ ಮುಂಚೆ ಅಳೆದ ತಳಮಟ್ಟ ಸಾಕಷ್ಟು ಇಳಿದಿರಬೇಕು. ಇಳಿಯದಿದ್ದರೆ ಡೋಸಿಗಿಂತ ಮೊದಲು ನಡುವಿನ ಅಂತರವನ್ನು ಬದಲಿಸುವುದು ವಾಡಿಕೆ.

ವ್ಯಾಂಕೊಮೈಸಿನ್‌ನಲ್ಲಿ ಬಹುಕಾಲ ತಳಮಟ್ಟವನ್ನು 15ರಿಂದ 20 ಮಿಲಿಗ್ರಾಂ ಪ್ರತಿ ಲೀಟರ್‌ನಲ್ಲಿ ಇಡಲು ಪ್ರಯತ್ನಿಸುತ್ತಿದ್ದರು, ಅದರಿಂದ ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತಿತ್ತು. ಮೆಥಿಸಿಲಿನ್‌ಗೆ ಮಣಿಯದ ಸ್ಟ್ಯಾಫಿಲೊಕಾಕಸ್‌ನ ಗಂಭೀರ ಸೋಂಕುಗಳಿಗಾಗಿ ಅಮೆರಿಕದ ನಾಲ್ಕು ವೃತ್ತಿಪರ ಸಂಘಟನೆಗಳು 2020ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿ ಆ ಗುರಿಯನ್ನು ಕೈಬಿಟ್ಟು, 24 ಗಂಟೆಗಳ ಒಟ್ಟು ಒಡ್ಡಿಕೆಯನ್ನು 400ರಿಂದ 600ರ ನಡುವೆ (ಮಿಲಿಗ್ರಾಂ-ಗಂಟೆ ಪ್ರತಿ ಲೀಟರ್ ಲೆಕ್ಕದಲ್ಲಿ) ಇಡಬೇಕೆಂದಿತು. ಮಕ್ಕಳಲ್ಲಿ ಈ ಒಡ್ಡಿಕೆ 800ನ್ನೂ, ತಳಮಟ್ಟ 15ನ್ನೂ ಮುಟ್ಟದಂತೆ ನೋಡಿಕೊಳ್ಳುವುದು ಮೂತ್ರಪಿಂಡಕ್ಕೆ ಕ್ಷೇಮ. ಬೀಟಾ ಲ್ಯಾಕ್ಟಮ್‌ಗಳನ್ನು ಅಳೆಯುವ ಸೌಲಭ್ಯ ಕೆಲವೇ ಕಡೆ ಇದೆ, ಮತ್ತು ಫಲಿತಾಂಶ ಅದೇ ದಿನ ಕೈಗೆ ಸಿಗದಿದ್ದರೆ ಡೋಸ್ ತಿದ್ದಲು ಅದು ಅಷ್ಟಾಗಿ ನೆರವಾಗುವುದಿಲ್ಲ.

ರಕ್ತ ತೆಗೆದ ನಿಖರ ಸಮಯ ಮತ್ತು ಡೋಸ್ ಹರಿದು ಮುಗಿದ ನಿಖರ ಸಮಯ, ಎರಡನ್ನೂ ಬರೆಯದಿದ್ದರೆ ಎಷ್ಟೇ ಒಳ್ಳೆಯ ಪ್ರಯೋಗಾಲಯದ ಅಂಕಿಯೂ ದಾರಿ ತಪ್ಪಿಸುತ್ತದೆ.

ಪುಟ್ಟ ಶಿಶುವಿನಿಂದ ಪದೇ ಪದೇ ರಕ್ತ ತೆಗೆಯುವುದು ಸರಿಯೇ?

ಆತಂಕ ನ್ಯಾಯವಾದದ್ದೇ. 1 ಕಿಲೊ ತೂಕದ ಶಿಶುವಿನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 100 ಮಿಲಿಲೀಟರ್ ಮಾತ್ರ. ಆದ್ದರಿಂದ ಬೇರೆ ಪರೀಕ್ಷೆಗೆ ರಕ್ತ ತೆಗೆಯುವಾಗಲೇ ಔಷಧಿಯ ಮಟ್ಟಕ್ಕೂ ಸೇರಿಸಿಕೊಳ್ಳುವುದು, ಕೆಲವೇ ಹನಿಗಳಲ್ಲಿ ಅಳೆಯುವ ವಿಧಾನಗಳನ್ನು ಬಳಸುವುದು ಸೂಕ್ತ.

ಕಂಪ್ಯೂಟರ್ ತಂತ್ರಾಂಶ ಡೋಸನ್ನು ನಿರ್ಧರಿಸುತ್ತದೆ ಎಂದು ಕೇಳಿದ್ದೇವೆ. ಅದು ಹೇಗೆ?

ತಂತ್ರಾಂಶ ಸೂಚಿಸುತ್ತದೆ, ನಿರ್ಧರಿಸುವುದು ವೈದ್ಯರು. ಈಗಾಗಲೇ ಅಧ್ಯಯನ ಮಾಡಿದ ಅನೇಕ ಮಕ್ಕಳ ಮಾಹಿತಿಯಿಂದ, ಇಂಥ ವಯಸ್ಸಿನ, ಇಂಥ ತೂಕದ, ಇಂಥ ಕ್ರಿಯಾಟಿನಿನ್ ಇರುವ ಮಗು ಔಷಧಿಯನ್ನು ಹೇಗೆ ನಿಭಾಯಿಸಬಹುದೆಂಬ ಗಣಿತದ ಮಾದರಿಯನ್ನು ಕಟ್ಟಿರುತ್ತಾರೆ. ನಿಮ್ಮ ಮಗುವಿನ ರಕ್ತದಲ್ಲಿ ಅಳೆದ ಒಂದೆರಡು ಮಟ್ಟಗಳನ್ನು ಸೇರಿಸಿದಾಗ, ಬೇಯ್ಸ್ ಎಂಬ ಗಣಿತಜ್ಞನ ಹೆಸರಿನ ಸಂಭವನೀಯತೆಯ ವಿಧಾನದಿಂದ ಆ ಸಾಮಾನ್ಯ ಊಹೆಯನ್ನು ಈ ಮಗುವಿಗೆ ತಕ್ಕಂತೆ ತಿದ್ದಿ, ಗುರಿ ಮುಟ್ಟುವ ಡೋಸನ್ನು ಅದು ತೋರಿಸುತ್ತದೆ. ಮಾದರಿಯನ್ನು ಯಾವ ಮಕ್ಕಳಿಂದ ಕಟ್ಟಲಾಗಿದೆ ಎಂದು ಕೇಳದೆ ಇದನ್ನು ನಂಬುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ; ಆರೋಗ್ಯವಂತ ಹದಿಹರೆಯದವರ ಮಾಹಿತಿಯಿಂದ ಬಂದ ಮಾದರಿ ಡಯಾಲಿಸಿಸ್‌ನಲ್ಲಿರುವ ಶಿಶುವಿಗೆ ಅಷ್ಟೇ ಆತ್ಮವಿಶ್ವಾಸದಿಂದ ತಪ್ಪು ಉತ್ತರ ಕೊಡುತ್ತದೆ.

ಔಷಧಿಯನ್ನು ಗಂಟೆಗಟ್ಟಲೆ ನಿಧಾನವಾಗಿ ಹರಿಸುವುದರಿಂದ ಲಾಭವಿದೆಯೇ?

ಬೀಟಾ ಲ್ಯಾಕ್ಟಮ್‌ಗಳಲ್ಲಿ ತರ್ಕ ಸ್ಪಷ್ಟವಾಗಿದೆ: ಅದೇ ಡೋಸನ್ನು ಅರ್ಧ ಗಂಟೆಯ ಬದಲು ಮೂರು ನಾಲ್ಕು ಗಂಟೆ ಹರಿಸಿದರೆ ಎಂಐಸಿಗಿಂತ ಮೇಲಿರುವ ಹೊತ್ತು ಹೆಚ್ಚುತ್ತದೆ. ವಯಸ್ಕರಲ್ಲಿ ನಡೆದ ಬ್ಲಿಂಗ್ 3 ಎಂಬ ದೊಡ್ಡ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಸೆಪ್ಸಿಸ್‌ನಿಂದ ಬಳಲುತ್ತಿದ್ದ ಸುಮಾರು 7,000 ರೋಗಿಗಳಲ್ಲಿ ಪಿಪೆರಾಸಿಲಿನ್ ಟ್ಯಾಜೊಬ್ಯಾಕ್ಟಮ್ ಅಥವಾ ಮೆರೊಪೆನೆಮ್ ಅನ್ನು ನಿರಂತರವಾಗಿ ಹರಿಸಿದಾಗ 90 ದಿನಗಳಲ್ಲಿ 24.9 ಪ್ರತಿಶತ, ಬಿಟ್ಟು ಬಿಟ್ಟು ಕೊಟ್ಟಾಗ 26.8 ಪ್ರತಿಶತ ಸಾವು ಕಂಡುಬಂತು. ಈ ವ್ಯತ್ಯಾಸ ಅಂಕಿಅಂಶಗಳ ದೃಷ್ಟಿಯಿಂದ ಖಚಿತವೆನ್ನುವಷ್ಟು ಇರಲಿಲ್ಲವಾದರೂ, ಬೇರೆ ಪ್ರಯೋಗಗಳೊಡನೆ ಸೇರಿಸಿ ನೋಡಿದಾಗ ನಿರಂತರ ಹರಿವಿನ ಕಡೆಗೇ ತಕ್ಕಡಿ ವಾಲಿತು. ಮಕ್ಕಳಲ್ಲಿ ಇಷ್ಟು ದೊಡ್ಡ ಪ್ರಯೋಗದ ಬಲವಿಲ್ಲ. ಆದರೂ ರೋಗಾಣು ಹಟಮಾರಿಯಾಗಿದ್ದಾಗ ಅಥವಾ ಮೂತ್ರಪಿಂಡ ಅತಿ ವೇಗವಾಗಿ ಕೆಲಸ ಮಾಡುತ್ತಿದ್ದಾಗ ನಿಧಾನ ಹರಿವನ್ನು ಆರಿಸಿಕೊಳ್ಳುವುದು ಸಮಂಜಸ. ಆಗ ಮೊದಲು ಒಂದು ಪೂರ್ಣ ಡೋಸನ್ನು ಬೇಗನೆ ಕೊಟ್ಟು, ಆಮೇಲೆ ನಿಧಾನ ಹರಿವಿಗೆ ಹೋಗಬೇಕು. ಮೆರೊಪೆನೆಮ್ ಕೋಣೆಯ ಉಷ್ಣತೆಯಲ್ಲಿ ಕೆಲವೇ ಗಂಟೆಗಳಲ್ಲಿ ಸತ್ವ ಕಳೆದುಕೊಳ್ಳುವುದರಿಂದ ಅದನ್ನು ಆಗಾಗ ಹೊಸದಾಗಿ ಕಲಸಬೇಕಾಗುತ್ತದೆ. ಒಂದೇ ರಕ್ತನಾಳದ ದಾರಿ ಸಿಕ್ಕಿರುವ ಶಿಶುವಿನಲ್ಲಿ ಆ ದಾರಿಯನ್ನು ಗಂಟೆಗಟ್ಟಲೆ ಒಂದೇ ಔಷಧಿಗೆ ಮೀಸಲಿಡುವುದೂ ಕಷ್ಟ.

ಡಯಾಲಿಸಿಸ್, ಎಕ್ಮೊ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ) ಯಂತ್ರ ಅಥವಾ ದೇಹ ತಂಪಾಗಿಸುವ ಚಿಕಿತ್ಸೆ ನಡೆಯುತ್ತಿದ್ದರೆ?

ನಿರಂತರ ಡಯಾಲಿಸಿಸ್ ನೀರಿನಲ್ಲಿ ಕರಗುವ ಔಷಧಿಗಳನ್ನು ಹೊರಗೆಳೆಯುತ್ತದೆ, ಹಾಗಾಗಿ ಮೂತ್ರವೇ ಬಾರದ ಮಗುವಿಗೂ ಸಾಕಷ್ಟು ದೊಡ್ಡ ಡೋಸ್ ಬೇಕಾಗಬಹುದು. ಯಂತ್ರ ಕೆಟ್ಟು ನಿಂತರೆ ಆ ಡೋಸ್ ಆ ಕ್ಷಣದಿಂದಲೇ ಹೆಚ್ಚಾಗುತ್ತದೆ. ಯಂತ್ರ ಎಷ್ಟು ಹೊತ್ತು ನಿಂತಿತ್ತೆಂಬುದು ಡೋಸ್ ಬರೆಯುವವರಿಗೆ ತಿಳಿಯಲೇಬೇಕು. ಎಕ್ಮೊದಲ್ಲಿ ಕೊಬ್ಬಿನಲ್ಲಿ ಕರಗುವ, ಪ್ರೋಟೀನಿಗೆ ಅಂಟುವ ಔಷಧಿಗಳು ಕೊಳವೆಗಳಿಗೆ ಅಂಟಿಕೊಂಡು ಕಳೆದುಹೋಗುತ್ತವೆ. ಹುಟ್ಟುವಾಗ ಆಮ್ಲಜನಕ ಸಾಲದೆ ಬಳಲಿದ ಶಿಶುವನ್ನು 72 ಗಂಟೆ ಕಾಲ 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟಾಗ ಜೆಂಟಾಮೈಸಿನ್ ನಿಧಾನವಾಗಿ ಹೊರಹೋಗುವುದರಿಂದ ಡೋಸುಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾರೆ.

ಮಿದುಳುಪೊರೆಯ ಸೋಂಕಿದ್ದರೆ ಡೋಸ್ ಹೆಚ್ಚೇಕೆ?

ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಿಹೋಗುವುದು ಔಷಧಿಯ ಒಂದು ಅಂಶ ಮಾತ್ರ. ಮೆರೊಪೆನೆಮ್ ಡೋಸ್ ಕಿಲೊಗೆ 20ರ ಬದಲು 40 ಮಿಲಿಗ್ರಾಂ ಆಗುವುದು ಇದಕ್ಕಾಗಿ. ಉರಿಯೂತವಿರುವಾಗ ಆ ತಡೆ ಸಡಿಲವಾಗಿದ್ದು, ಮಗು ಚೇತರಿಸಿಕೊಂಡಂತೆ ಮತ್ತೆ ಬಿಗಿಯಾಗುತ್ತದೆ. ಜ್ವರ ಇಳಿಯಿತೆಂದು ಡೋಸನ್ನೂ ಇಳಿಸಿದರೆ ಮಿದುಳಿಗೆ ತಲುಪುವ ಔಷಧಿ ಎರಡು ಕಾರಣಗಳಿಂದ ಕಡಿಮೆಯಾಗುತ್ತದೆ. ಕೊನೆಯ ದಿನದವರೆಗೂ ಪೂರ್ಣ ಡೋಸೇ ಬೇಕು.

ಯಾವ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಸಾಮಾನ್ಯವಾಗಿ ದಾಖಲಾದಾಗಿನ ಅಥವಾ ಊತವಿಲ್ಲದಾಗಿನ ತೂಕ. ಸ್ಥೂಲಕಾಯದ ಮಗುವಿನಲ್ಲಿ ಜೆಂಟಾಮೈಸಿನ್‌ನಂಥ ಔಷಧಿಗಳಿಗೆ ಹೊಂದಾಣಿಕೆ ಮಾಡಿದ ತೂಕವನ್ನು, ಅಂದರೆ ನಿಜವಾದ ತೂಕಕ್ಕೂ ಎತ್ತರಕ್ಕೆ ತಕ್ಕ ತೂಕಕ್ಕೂ ನಡುವಿನ ಅಂಕಿಯನ್ನು, ಬಳಸುತ್ತಾರೆ.

ಹೆಚ್ಚು ಕೊಟ್ಟರೆ ಆಗುವ ಹಾನಿ ಏನು?

ಬೀಟಾ ಲ್ಯಾಕ್ಟಮ್‌ಗಳು ಅತಿಯಾಗಿ ಕೂಡಿಕೊಂಡಾಗ, ಸೆಫೆಪಿಮ್ ಅಂತೂ ಮೂತ್ರಪಿಂಡ ಕುಂದಿದಾಗ, ಗೊಂದಲ, ಮಂಪರು, ಸೆಳವು ತರಬಹುದು. ವ್ಯಾಂಕೊಮೈಸಿನ್ ಮೂತ್ರಪಿಂಡವನ್ನು ನೋಯಿಸುತ್ತದೆ. ಜೆಂಟಾಮೈಸಿನ್ ಗುಂಪು ಮೂತ್ರಪಿಂಡದ ಜೊತೆಗೆ ಕಿವಿಯನ್ನೂ ನೋಯಿಸುತ್ತದೆ. ಮೂತ್ರಪಿಂಡ ಬಹುಪಾಲು ಚೇತರಿಸಿಕೊಂಡರೂ ಒಳಗಿವಿಯ ಕೇಳುವ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಂದು ವಂಶವಾಹಿ ವ್ಯತ್ಯಾಸವಿರುವ ಮಕ್ಕಳಲ್ಲಿ ರಕ್ತದ ಮಟ್ಟ ಸರಿಯಾಗಿದ್ದರೂ ಕಿವುಡು ಬರಬಹುದು. ಇದು ತಾಯಿಯ ಕಡೆಯಿಂದ ಬರುವಂಥದು. ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯಲ್ಲಿ ಅರ್ಧ ಗಂಟೆಯೊಳಗೆ ಇದನ್ನು ಪತ್ತೆ ಮಾಡುವ ಪರೀಕ್ಷೆಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ರೂಪಿಸಲಾಯಿತು. ನವಜಾತರ ಘಟಕಗಳಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ತಾಯಿಯ ಬಂಧುಗಳಲ್ಲಿ ಚಿಕ್ಕ ವಯಸ್ಸಿನಲ್ಲಿ, ಅದರಲ್ಲೂ ಚುಚ್ಚುಮದ್ದಿನ ನಂತರ, ಕಿವಿ ಮಂದವಾದವರಿದ್ದರೆ ದಯವಿಟ್ಟು ವೈದ್ಯರಿಗೆ ಮೊದಲೇ ತಿಳಿಸಿ.

ಸರಿಯಾಗಿ ಲೆಕ್ಕ ಹಾಕಿದ ಡೋಸ್ ಮಗುವಿಗೆ ತಲುಪದೆ ಹೋಗುವುದುಂಟೇ?

ಖಂಡಿತ ಉಂಟು. ದಶಾಂಶ ಬಿಂದು ಒಂದು ಸ್ಥಾನ ಸರಿದರೆ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ, ಆದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವುದು ಅಗತ್ಯ. ಅಷ್ಟು ಎದ್ದುಕಾಣದ ಇನ್ನೊಂದು ತೊಂದರೆ ಕೊಳವೆಯದು. 1 ಕಿಲೊ ಶಿಶುವಿಗೆ 4 ಮಿಲಿಗ್ರಾಂ ಜೆಂಟಾಮೈಸಿನ್ ಕೊಡಬೇಕಿದ್ದು, ದ್ರಾವಣ ಮಿಲಿಲೀಟರ್‌ಗೆ 10 ಮಿಲಿಗ್ರಾಂ ಇದ್ದರೆ, ಬೇಕಾಗುವುದು 0.4 ಮಿಲಿಲೀಟರ್. ಶಿಶುವಿನಿಂದ ದೂರದ ತುದಿಯಲ್ಲಿ ಇದನ್ನು ಸೇರಿಸಿ, ಡ್ರಿಪ್ ಗಂಟೆಗೆ 1 ಮಿಲಿಲೀಟರ್ ವೇಗದಲ್ಲಿ ಹರಿಯುತ್ತಿದ್ದರೆ, ಕೊಟ್ಟಾಯಿತೆಂದು ಬರೆದ ಎಷ್ಟೋ ಹೊತ್ತಿನ ನಂತರವೂ ಔಷಧಿ ಕೊಳವೆಯಲ್ಲೇ ಇರುತ್ತದೆ. ಶಿಶುವಿಗೆ ಹತ್ತಿರದ ಸಂದಿಯಲ್ಲಿ ಸೇರಿಸಿ, ಲವಣದ್ರಾವಣದಿಂದ ಕೊಳವೆಯನ್ನು ತಳ್ಳಬೇಕು. ಔಷಧಿ ಹೋದ ದಾರಿಯಿಂದಲೇ ಪರೀಕ್ಷೆಗೆ ರಕ್ತ ತೆಗೆದರೆ ಮಟ್ಟ ಸುಳ್ಳಾಗಿ ಹೆಚ್ಚು ಕಾಣುತ್ತದೆ.

ತಂದೆತಾಯಿ ಏನನ್ನು ಕೇಳಬಹುದು?

ಡೋಸ್ ಬದಲಾದಾಗ ಏಕೆ ಬದಲಾಯಿತೆಂದು ಕೇಳುವುದು ನಿಮ್ಮ ಹಕ್ಕು. ಬದಲಾವಣೆ ಎಂದರೆ ಮೊದಲು ತಪ್ಪಾಗಿತ್ತೆಂದು ಅರ್ಥವಲ್ಲ. ಮಗುವಿನ ದೇಹ ಬದಲಾಗಿದೆ, ತಂಡ ಅದನ್ನು ಗಮನಿಸುತ್ತಿದೆ ಎಂದೇ ಅರ್ಥ. ಸ್ಕ್ಯಾನ್‌ಗೋ ಶಸ್ತ್ರಚಿಕಿತ್ಸೆಗೋ ಮಗುವನ್ನು ಕರೆದೊಯ್ದಾಗ ಆ ಹೊತ್ತಿನ ಡೋಸ್ ಯಾವಾಗ ಸಿಗುತ್ತದೆಂದು ವಿಚಾರಿಸಿ. ಹಿಂದೆ ಯಾವುದಾದರೂ ಔಷಧಿಗೆ ಅಲರ್ಜಿಯಾಗಿದ್ದರೆ, ಏನಾಗಿತ್ತೆಂಬುದನ್ನು ವಿವರವಾಗಿ ಹೇಳಿ.

ಮಗು ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಅದೇ ಡೋಸ್ ಮುಂದುವರಿಯುತ್ತದೆಯೇ?

ಮುಂದುವರಿಸುವ ಮುನ್ನ ಮತ್ತೆ ಲೆಕ್ಕ ಹಾಕಬೇಕು. ಊತ ಇಳಿದಿರುತ್ತದೆ, ಹೃದಯದ ಬಡಿತ ಮಾಮೂಲಿಗೆ ಬಂದಿರುತ್ತದೆ, ಅತಿ ವೇಗದಲ್ಲಿದ್ದ ಮೂತ್ರಪಿಂಡ ನಿಧಾನಿಸಿರುತ್ತದೆ. ಮೂರು ದಿನದ ಹಿಂದೆ ಸರಿಯಾಗಿದ್ದ ವ್ಯಾಂಕೊಮೈಸಿನ್ ಡೋಸ್ ಈಗ ಹೆಚ್ಚಾಗಿರಬಹುದು. ಬಾಯಿಯ ಔಷಧಿಗೆ ಬದಲಿಸುವಾಗ ಔಷಧಿಯ ಹೆಸರನ್ನು ನೋಡಿ ತೀರ್ಮಾನಿಸಬೇಕು: ಲಿನೆಜೊಲಿಡ್, ಮೆಟ್ರೊನಿಡಜೋಲ್, ಲಿವೊಫ್ಲಾಕ್ಸಸಿನ್ ಬಾಯಿಯಿಂದ ಕೊಟ್ಟರೂ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತ ಸೇರುತ್ತವೆ. ಬೀಟಾ ಲ್ಯಾಕ್ಟಮ್ ಗುಂಪಿನ ಬಾಯಿಯ ಔಷಧಿಗಳಿಂದ ರಕ್ತನಾಳದ ಡೋಸಿನಷ್ಟು ಮಟ್ಟ ಸಿಗುವುದಿಲ್ಲ. ಕರುಳು ಸರಿಯಾಗಿ ಕೆಲಸ ಮಾಡುತ್ತಿದೆಯೇ, ಮಗು ವಾಂತಿ ಮಾಡದೆ ಇಟ್ಟುಕೊಳ್ಳುತ್ತಿದೆಯೇ ಎಂಬುದನ್ನು ನೋಡಿಯೇ ಆ ಬದಲಾವಣೆಯನ್ನು ಮಾಡುತ್ತಾರೆ.